ಸ್ಕಾಟ್ಲೆಂಡ್ ಯೂಕೆ ಬಿಟ್ಟು ಹೋಗ್ಬೇಕಾ? ಇಲ್ಲೇ ಇರೋರು ಹೇಳಿ, ಬೈದಾಡೋದು ಬೇಡ

ಲೀತ್‌ನಿವಾಸಿ:
2014ರ ಸೆಪ್ಟೆಂಬರ್ 18ಕ್ಕೆ ಸ್ಕಾಟ್ಲೆಂಡ್ ಬೇರೆ ದೇಶ ಆಗ್ಬೇಕಾ ಅನ್ನೋ ವೋಟಲ್ಲಿ ನಾನು ನೋ ಹಾಕಿದ್ದೆ. ಕೈಲಿದ್ದಿದ್ದು ಭಾರತದ ಪಾಸ್‌ಪೋರ್ಟೇ, ಆದ್ರೆ ಕಾಮನ್‌ವೆಲ್ತ್ ದೇಶದೋರಿಗೆ ಇಲ್ಲಿ ವಾಸ ಇದ್ರೆ ವೋಟಿತ್ತಲ್ಲ. ನೋ ಹಾಕೋಕೆ ನನಗಿದ್ದ ಕಾರಣ ಒಂದೇ, ಯೂಕೆ ಬಿಟ್ರೆ ಇಯುನೂ (ಯುರೋಪಿಯನ್ ಯೂನಿಯನ್) ಕೈ ತಪ್ಪತ್ತೆ ಅಂತ ನೋ ಕಡೆಯೋರು ಹೇಳ್ತಾನೇ ಇದ್ರು. ಎರಡೇ ವರ್ಷ ನೋಡಿ. 2016ರ ಬ್ರೆಕ್ಸಿಟ್ ವೋಟಲ್ಲಿ ಸ್ಕಾಟ್ಲೆಂಡಲ್ಲಿ 62 ಪರ್ಸೆಂಟ್ ಜನ ಇಯುನಲ್ಲೇ ಇರ್ತೀವಿ ಅಂದ್ರು, 32 ಕೌನ್ಸಿಲಲ್ಲಿ ಒಂದೂ ಬಿಡದೆ ಎಲ್ಲಾ ಕಡೆ ರಿಮೇನ್‌ಗೇ ಬಹುಮತ ಬಂತು, ಆದ್ರೂ 2020ರ ಜನವರಿ 31ಕ್ಕೆ ಎಲ್ಲರ ಜೊತೆ ನಾವೂ ಹೊರಗೆ. ಅವತ್ತಿಂದ ತಲೆ ಕೆರ್ಕೊಳ್ತಾ ಇದ್ದೀನಿ, ಮತ್ತೆ ವೋಟ್ ಬಂದ್ರೆ ಏನ್ ಹಾಕೋದು ಅಂತ. ನಿಮ್ ನಿಮ್ಮ ಲೆಕ್ಕ ಹೇಳಿ. ಲಿಂಕ್ ಹಾಕ್ಬೇಡಿ, ನಿಮ್ಮ ಮಾತಲ್ಲೇ ಹೇಳಿ.

ಕ್ಲೈಡ್‌ಕಡೆಯವ:
ಬಾ ಗುರು, ಬಾಗಿಲು ತೆಗ್ದೇ ಇದೆ 😄 ನಮ್ಮ ಗ್ಲಾಸ್ಗೋ ಆಗ್ಲೇ ಯೆಸ್ ಅಂದಿತ್ತು, ನೀವು ಎಡಿನ್‌ಬರಾದೋರು ಕೈ ಕೊಟ್ರಿ. ಒಟ್ಟು 55ಕ್ಕೆ 45 ಆಯ್ತು.

ಎಣ್ಣೆಗಾಣ:
ಆ 45 ಬಂದಿದ್ದೇ ಜಾಸ್ತಿ. ನಾನು ಅಬರ್ಡೀನಲ್ಲಿರೋನು, ಹೊಟ್ಟೆಪಾಡು ನಾರ್ತ್ ಸೀ ಎಣ್ಣೆ. ಯೆಸ್ ಕಡೆಯೋರ ವೈಟ್ ಪೇಪರಲ್ಲಿ ಒಂದು ಬ್ಯಾರೆಲ್‌ಗೆ 110 ಡಾಲರ್ ಅಂತ ಹಿಡಿದು ಲೆಕ್ಕ ಬರೆದಿದ್ರು. ಸ್ವಾತಂತ್ರ್ಯಕ್ಕೆ ಗೊತ್ತು ಮಾಡಿದ್ದ ದಿನ 2016ರ ಮಾರ್ಚ್ 24. ಅದೇ ವರ್ಷ ಜನವರಿಯಲ್ಲಿ ಎಣ್ಣೆ ರೇಟು 30 ಡಾಲರ್‌ಗಿಂತ ಕೆಳಗೆ ಬಿದ್ದಿತ್ತು! ಇಲ್ಲಿ ಒಬ್ಬೊಬ್ಬರಾಗಿ ಕೆಲಸ ಕಳ್ಕೊಂಡಿದ್ದನ್ನ ಕಣ್ಣಾರೆ ನೋಡಿದೀನಿ, ಬೀದಿಗೆ ನಾಲ್ಕು ಮನೆ ಮುಂದೆ ಮಾರಾಟಕ್ಕಿದೆ ಅನ್ನೋ ಬೋರ್ಡು. ಆಗ ಹೊಸ ದೇಶ ಹುಟ್ಟಿದ್ರೆ ಮೊದಲನೇ ಬಜೆಟ್ಟೇ ಸಾಲದ್ದು. ಯೂಕೆ ಒಳಗಿದ್ವಿ ಅಂತ ಹೊಡೆತ ಹಂಚ್ಕೊಂಡು ಹೋಯ್ತು, ಇಲ್ದಿದ್ರೆ ಆಸ್ಪತ್ರೆ ಸ್ಕೂಲು ಎಲ್ಲಾ ಆ ಬ್ಯಾರೆಲ್ ರೇಟಿನ ಹಿಂದೇನೇ ಓಡ್ಬೇಕಿತ್ತು.

ಕ್ಲೈಡ್‌ಕಡೆಯವ:
ಎಣ್ಣೆ ಲೆಕ್ಕ ತಪ್ಪಿತ್ತು ಅನ್ನೋದಕ್ಕೆ ನನ್ನ ತಕರಾರಿಲ್ಲ. ಆದ್ರೆ ಇದೇ ಎಣ್ಣೆ 70ರ ದಶಕದಿಂದ ಬರ್ತಾ ಇತ್ತಲ್ಲ, ಆ ದುಡ್ಡೆಲ್ಲ ಎಲ್ಲಿ ಹೋಯ್ತು? ಪಕ್ಕದ ನಾರ್ವೆ ಅದೇ ಸಮುದ್ರದ ಎಣ್ಣೆ ಮಾರಿ 1990ರಲ್ಲಿ ಕಾನೂನು ಮಾಡಿ ಒಂದು ಫಂಡ್ ಶುರು ಮಾಡ್ತು, ಈಗ ಅದು ಪ್ರಪಂಚದಲ್ಲೇ ದೊಡ್ಡ ಸರ್ಕಾರಿ ಫಂಡು. ಯೂಕೆ ಏನು ಇಟ್ಟಿದೆ? ಸೊನ್ನೆ. ಖರ್ಚು ಮಾಡಿದ್ದು ಲಂಡನ್ನು, ಈಗ "ನೀವು ನಷ್ಟದಲ್ಲಿದೀರ, ನಾವು ಸಾಕ್ತಿದೀವಿ" ಅಂತ ಹೇಳೋದೂ ಅವರೇ. ಮಾರಾಯ, ಮೊದಲು ಜೇಬು ಖಾಲಿ ಮಾಡಿ ಆಮೇಲೆ ಬಡವ ಅಂತ ಅನ್ನೋದಾ.

ಟ್ವೀಡ್‌ತೀರ:
ನಾನು ಬೆರಿಕ್‌ನಲ್ಲಿರೋದು, ಗಡಿಯಿಂದ ಈಚೆ, ಇಂಗ್ಲೆಂಡ್ ಕಡೆ. ಅಂದ್ರೆ ಈ ವೋಟು ನನಗೆ ಇರ್ಲೇ ಇಲ್ಲ, ಆದ್ರೆ ಬೇಲಿ ಬಿದ್ರೆ ಮೊದಲು ನಮ್ಮ ಮನೆ ಹತ್ರಾನೇ ಬೀಳೋದು, ಅದಕ್ಕೇ ಮಧ್ಯೆ ಬಾಯಿ ಹಾಕ್ತಿದೀನಿ. ನಮ್ಮ ಊರಿನ ಫುಟ್ಬಾಲ್ ಟೀಮ್ ಆಡೋದು ಸ್ಕಾಟ್ಲೆಂಡ್ ಲೀಗಲ್ಲಿ. ಕೆಲಸಕ್ಕೆ, ಶಾಪಿಂಗ್‌ಗೆ, ಡಾಕ್ಟರ್ ಹತ್ರಕ್ಕೆ ಅಂತ ಜನ ಆ ಕಡೆಯಿಂದ ಈ ಕಡೆ ಈ ಕಡೆಯಿಂದ ಆ ಕಡೆ ಓಡಾಡ್ತಾನೇ ಇರ್ತಾರೆ, ರೋಡಲ್ಲಿ ಸ್ಕಾಟ್ಲೆಂಡಿಗೆ ಸ್ವಾಗತ ಅಂತ ಒಂದು ಬೋರ್ಡು ಬಿಟ್ರೆ ಗಡಿ ಅನ್ನೋಕೆ ಏನೂ ಇಲ್ಲ. ಕ್ಲೈಡ್ ಅವರೇ, ನೀವು ಯೂಕೆ ಬಿಟ್ಟು ಇಯು ಸೇರ್ತೀವಿ ಅಂತೀರಲ್ಲ, ಆಗ ಈ ಬೋರ್ಡಿರೋ ಜಾಗಾನೇ ಇಯು ಗಡಿ. ಲಾರಿ ನಿಲ್ಲಿಸಿ ಪೇಪರ್ ನೋಡೋದು ಬೇಡ್ವಾ? ಬ್ರೆಕ್ಸಿಟ್ ಆದ್ಮೇಲೆ ಐರ್ಲೆಂಡಲ್ಲಿ ಭೂಮಿ ಮೇಲೆ ಗಡಿ ಬೇಡ ಅಂತ ಸಮುದ್ರದಲ್ಲಿ ಇಟ್ರು, ಅದಕ್ಕೇ ವರ್ಷಗಟ್ಲೆ ಜಗಳ ಆಗಿ 2023ರಲ್ಲಿ ವಿಂಡ್ಸರ್ ಒಪ್ಪಂದ ಅಂತ ಮತ್ತೆ ಬರೆದ್ರು. ನಮಗೆ ಸಮುದ್ರಾನೂ ಇಲ್ಲ ಮಧ್ಯೆ.

ಎಣ್ಣೆಗಾಣ:
ಅಕ್ಕ ಸರಿಯಾಗಿ ಹೇಳಿದ್ರು. ಸ್ಕಾಟ್ಲೆಂಡಿಂದ ಹೊರಗೆ ಮಾರೋದ್ರಲ್ಲಿ ಸುಮಾರು 60 ಪರ್ಸೆಂಟ್ ಯೂಕೆಯ ಉಳಿದ ಭಾಗಕ್ಕೇ ಹೋಗೋದು. ಬ್ರೆಕ್ಸಿಟ್ ಹಾಳು ಅಂತ ಅಳೋರು ಅದಕ್ಕಿಂತ ದೊಡ್ಡ ಮಾರ್ಕೆಟ್ಟಿಗೆ ಗೋಡೆ ಕಟ್ತೀವಿ ಅಂತಾರೆ, ನನಗಂತೂ ಅರ್ಥ ಆಗಲ್ಲ.

ಕ್ಲೈಡ್‌ಕಡೆಯವ:
@ಎಣ್ಣೆಗಾಣ ನೀವು 2016ರಲ್ಲಿ ಏನ್ ಹಾಕಿದ್ರಿ, ಅದೂ ಹೇಳ್ಬಿಡಿ ಎಲ್ಲರ ಮುಂದೆ 😏

ಎಣ್ಣೆಗಾಣ:
ಲೀವ್ ಹಾಕ್ದೆ. ಮುಚ್ಚಿಡೋದೇನಿದೆ. ಪೀಟರ್‌ಹೆಡ್, ಫ್ರೇಸರ್‌ಬರ್ಗ್ ಕಡೆ ಮೀನುಗಾರರು ಎಷ್ಟು ಜನ ಗೊತ್ತು ನನಗೆ, ನಮ್ಮ ಸಮುದ್ರದಲ್ಲಿ ಎಷ್ಟು ಹಿಡೀಬೇಕು ಅಂತ ಬ್ರಸೆಲ್ಸಲ್ಲಿ ಕೂತ್ಕೊಂಡು ಪಾಲು ಹಾಕೋದು ಅವರಿಗೆ ಉರೀತಿತ್ತು. ಇಯು ಒಂದು ಒಪ್ಪಂದ, ಯೂಕೆ ಒಂದು ದೇಶ. ಎರಡನ್ನೂ ಒಂದೇ ತಕ್ಕಡೀಲಿ ಹಾಕ್ಬೇಡಿ.

ಕ್ಲೈಡ್‌ಕಡೆಯವ:
ಅದೇ ಮೀನುಗಾರರ ಲಾರಿಗಳು 2021ರ ಜನವರಿಯಲ್ಲಿ ಲಂಡನ್ನಲ್ಲಿ ಡೌನಿಂಗ್ ಸ್ಟ್ರೀಟ್ ಹತ್ರ ಸಾಲಾಗಿ ನಿಂತು ಗಲಾಟೆ ಮಾಡಿದ್ದು ಮರ್ತ್ರಾ? ಸೀಗಡಿ ಏಡಿ ಎಲ್ಲಾ ಜೀವಂತ ಇರೋವಾಗ್ಲೇ ಫ್ರಾನ್ಸು ಸ್ಪೇನು ಮುಟ್ಬೇಕು, ಒಂದು ದಿನ ತಡ ಆದ್ರೆ ರೇಟು ಬೀಳತ್ತೆ, ಎರಡು ದಿನ ಆದ್ರೆ ಎಸೀಬೇಕು. ಮೊದಲು ಲಾರಿ ಸೀದಾ ಹೋಗ್ತಿತ್ತು. ಆಮೇಲೆ ಎಲ್ಲಿ ಹಿಡಿದಿದ್ದು ಅನ್ನೋದಕ್ಕೊಂದು ಸರ್ಟಿಫಿಕೇಟು, ಆರೋಗ್ಯದ್ದೊಂದು ಸರ್ಟಿಫಿಕೇಟು, ಅದಕ್ಕೆ ಸರ್ಕಾರಿ ವೆಟ್ ಸೈನು, ಕಸ್ಟಮ್ಸ್ ಪೇಪರು ಬೇರೆ. ಒಂದೇ ಲಾರೀಲಿ ಹತ್ತು ಜನರ ಮಾಲು ಇದ್ರೆ ಒಬ್ಬನ ಪೇಪರ್ ತಪ್ಪಾದ್ರೂ ಇಡೀ ಲಾರಿ ನಿಲ್ತಿತ್ತು.

ಟ್ವೀಡ್‌ತೀರ:
ನೋಡಿ, ನೀವೇ ಹೇಳಿದ್ರಿ. ಈಗ ಅದೇ ಲಾರಿ ಬೆರಿಕ್ ಹತ್ರ ನಿಂತಿದೆ ಅಂದ್ಕೊಳ್ಳಿ.

ಲೀತ್‌ನಿವಾಸಿ:
😂😂 ಕ್ಲೈಡ್, ಸಿಕ್ಕಾಕೊಂಡೆ

ಡಂಡೀ ದೇಸಾಯ್ರು:
ಎಲ್ಲಾರೂ ರೊಕ್ಕದ ಲೆಕ್ಕ ಹೇಳಾಕತ್ತೀರಿ, ನಾ ಬ್ಯಾರೆ ಒಂದು ಕೇಳ್ತೀನ್ರಿ. ಇಯುದಾಗ ಆರ್ಟಿಕಲ್ 50 ಅಂತ ಒಂದು ಬಾಗಲಾ ಇತ್ತು. ಬಿಡ್ತೀನಿ ಅಂದಾವ ಪತ್ರಾ ಕೊಡಬೇಕು, ಎರಡು ವರ್ಷದಾಗ ಮಾತುಕತಿ ಮುಗಿಸಬೇಕು, ಬೇಕಾದ್ರ ಎಲ್ಲಾರೂ ಒಪ್ಪಿ ಅವಧಿ ಹೆಚ್ಚಿಗಿ ಮಾಡಬಹುದು. ಯಾರ ಅಪ್ಪಣೆನೂ ಬ್ಯಾಡ. 2017ರ ಮಾರ್ಚ್ 29ಕ್ಕ ಥೆರೆಸಾ ಮೇ ಪತ್ರಾ ಕೊಟ್ರು, ಬ್ರಸೆಲ್ಸ್‌ನವರು ಮಾರಿ ಸಣ್ಣ ಮಾಡಿದ್ರ ವಿನಾ ಬ್ಯಾಡ ಅನ್ನಲಿಲ್ಲ. ಈಗ ಯೂಕೆ ನೋಡ್ರಿ. ಇದು ಜನಾ ಒಪ್ಪಿ ಕೂಡಿದ ಯೂನಿಯನ್ನು ಅಂತ ಎಲ್ಲಾರೂ ಹೇಳ್ತಾರ, ಆದ್ರ ಸ್ಕಾಟ್ಲೆಂಡಿಗೆ ಹೊರಗ ಹೋಗೋ ದಾರಿ ಯಾವ ಕಾಗದದಾಗೂ ಬರದಿಲ್ಲ. 2012ರಾಗ ಯೂಕೆ ಪ್ರಧಾನಿ ಕ್ಯಾಮರಾನ್ ಮತ್ತು ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಸಾಲ್ಮಂಡ್ ಎಡಿನ್‌ಬರಾದಾಗ ಕೂತು ಸೈನ್ ಮಾಡಿದ್ರು ಅಂತ 2014ರ ವೋಟ್ ಆತು, ಸೆಕ್ಷನ್ 30 ಆರ್ಡರ್, ಅಂದ್ರ ವೋಟ್ ನಡಸಾಕ ಸ್ಕಾಟ್ಲೆಂಡ್ ಪಾರ್ಲಿಮೆಂಟಿಗೆ ಅಧಿಕಾರ ಕೊಡೋ ಕಾಗದ, ಲಂಡನ್ನಿನವರು ಕೊಟ್ಟಿದ್ದಕ್ಕ ಆತು. 2022ರ ನವೆಂಬರ್‌ದಾಗ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳೇ ಬಿಡ್ತು, ಹಾಲಿರೂಡ್, ಅಂದ್ರ ಸ್ಕಾಟ್ಲೆಂಡ್ ಪಾರ್ಲಿಮೆಂಟ್, ತನ್ನಷ್ಟಕ್ಕ ರೆಫರೆಂಡಮ್ ಕಾನೂನು ಮಾಡಾಕ ಬರಂಗಿಲ್ಲ ಅಂತ. ಯೆಸ್ಸೋ ನೋವೋ ಆಮ್ಯಾಲ ನೋಡೋಣ್ರಿ. ಪ್ರಶ್ನೆ ಕೇಳಾಕ ಕೀಲಿ ಯಾರ ಕೈಯಾಗಿರಬೇಕು, ಅದನ್ನ ಹೇಳ್ರಿ ಮೊದಲ.

ಎಣ್ಣೆಗಾಣ:
ದೇಸಾಯ್ರೇ, ಎಷ್ಟು ದೇಶದ ಸಂವಿಧಾನದಲ್ಲಿ ಬಿಟ್ಟು ಹೋಗೋ ದಾರಿ ಬರೆದಿದಾರೆ? ಸ್ಪೇನ್‌ನಲ್ಲಿ ಇಲ್ಲ, 2017ರಲ್ಲಿ ಕ್ಯಾಟಲೋನಿಯಾದಲ್ಲಿ ವೋಟ್ ಮಾಡೋಕೆ ಹೋದೋರಿಗೆ ಪೊಲೀಸ್ ಲಾಠಿ ಸಿಕ್ತು. ಇಲ್ಲಿ ಲಂಡನ್ ಒಂದು ಸಲ ಆರ್ಡರ್ ಕೊಟ್ಟು, ಪ್ರಶ್ನೆ ಬರೆಯೋಕೆ ಬಿಟ್ಟು, 16 ವರ್ಷದ ಹುಡುಗರಿಗೂ ವೋಟ್ ಕೊಡೋಕೆ ಒಪ್ಕೊಂಡು, ಸೋತ್ರೆ ಕೈ ಮುಗಿದು ಹೋಗ್ತೀವಿ ಅಂದಿತ್ತು. 84.6 ಪರ್ಸೆಂಟ್ ಜನ ಬಂದು ವೋಟ್ ಹಾಕಿದ್ರು. ಅದಕ್ಕಿಂತ ನ್ಯಾಯ ಇನ್ನೇನ್ ಬೇಕು. ಉತ್ತರ ಇಷ್ಟ ಆಗ್ಲಿಲ್ಲ ಅಂತ ಪ್ರತಿ ಎಲೆಕ್ಷನ್‌ಗೂ ಮತ್ತೆ ಕೇಳಿ ಅಂದ್ರೆ ಆಗತ್ತಾ. 2015ರಲ್ಲಿ ಸ್ವಾತಂತ್ರ್ಯ ಬೇಕು ಅನ್ನೋ ಪಾರ್ಟಿ ಎಸ್‌ಎನ್‌ಪಿ ಸ್ಕಾಟ್ಲೆಂಡಿನ ಎಂಪಿ ಸೀಟಲ್ಲಿ 59ಕ್ಕೆ 56 ತಗೊಂಡಾಗ ಜನಾದೇಶ ಅಂದ್ರು, 2024ರಲ್ಲಿ 57ಕ್ಕೆ 9 ಬಂತಲ್ಲ, ಆಗ ಜನಾದೇಶ ಎಲ್ಲೋಯ್ತು?

ಡಂಡೀ ದೇಸಾಯ್ರು:
ಪಾರ್ಟಿ ಸೋತದ, ಪ್ರಶ್ನೆ ಸೋತಿಲ್ರಿ. ಪೋಲ್ ನೋಡ್ರಿ, ಇವತ್ತಿಗೂ ಅರ್ಧಕ್ಕರ್ಧ ಆಸುಪಾಸಿನ್ಯಾಗ ಅದ.

ಲೀತ್‌ನಿವಾಸಿ:
ವೋಟ್ ಯಾರಿಗೆ ಅನ್ನೋದೂ ಒಂದಿದೆ. ನಮ್ಮ ಬಿಲ್ಡಿಂಗಲ್ಲಿ ಕೆಳಗಡೆ ಮನೇಲಿ ಪೋಲೆಂಡಿನೋರು. 2014ರಲ್ಲಿ ನಾನೂ ಅವರೂ ಒಟ್ಟಿಗೆ ನಡ್ಕೊಂಡು ಹೋಗಿ ವೋಟ್ ಹಾಕಿದ್ವಿ, ಇಲ್ಲಿ ವಾಸ ಇರೋ ಇಯುದೋರಿಗೂ ಇತ್ತು. 2016ರಲ್ಲಿ ನನಗೆ ವೋಟಿತ್ತು, ಅವರಿಗಿಲ್ಲ! ಅವರು ಇಲ್ಲಿ ಇರ್ಬಹುದಾ ಇಲ್ವಾ ಅಂತ ಪ್ರಶ್ನೆ, ಬ್ಯಾಲೆಟ್ ನನ್ನ ಕೈಲಿ. ಪಾಪ ಅವರು ಬಾಗಿಲಲ್ಲಿ ನಿಂತು "ನಮ್ಮದೂ ಸೇರಿಸಿ ಹಾಕಿ ಬನ್ನಿ" ಅಂತ ನಕ್ಕರು, ನನಗೆ ಏನ್ ಹೇಳ್ಬೇಕೋ ತೋಚ್ಲಿಲ್ಲ.

ಕ್ಲೈಡ್‌ಕಡೆಯವ:
ಬೆರಿಕ್ ಅಕ್ಕನಿಗೆ ಉತ್ತರ ಬಾಕಿ ಇದೆ. ಗಡಿ ಕಷ್ಟ ಇದೆ, ಇಲ್ಲ ಅನ್ನಲ್ಲ. ಆದ್ರೆ ಜನ ಓಡಾಡೋಕೆ ಏನೂ ಆಗಲ್ಲ, ಐರ್ಲೆಂಡ್ ಬೇರೆ ದೇಶ ಆಗಿ ನೂರು ವರ್ಷ ಆದ್ರೂ ಕಾಮನ್ ಟ್ರಾವೆಲ್ ಏರಿಯಾ ಅಂತ ಪಾಸ್‌ಪೋರ್ಟ್ ಇಲ್ದೆ ಹೋಗಿ ಬರ್ತಾರೆ. ಕಷ್ಟ ಇರೋದು ಮಾಲಿಗೆ ಮಾತ್ರ. ಮತ್ತೆ ಬಿಟ್ಟು ಹೋದೋರೆಲ್ಲ ಹಾಳಾಗಿಲ್ಲ ಅಕ್ಕ. 1905ರಲ್ಲಿ ನಾರ್ವೆ ಸ್ವೀಡನ್ ಜೊತೆಗಿನ ಯೂನಿಯನ್ ಮುರಿದಾಗ ವೋಟಲ್ಲಿ ಬಿಡ್ಬೇಡಿ ಅಂದೋರು ಬರೀ 184 ಜನ, ಬಿಡಿ ಅಂದೋರು 3 ಲಕ್ಷದ 68 ಸಾವಿರ. ಜೆಕ್ಕು ಸ್ಲೋವಾಕು 1993ರ ಜನವರಿ 1ಕ್ಕೆ ಒಂದು ಕಲ್ಲೂ ಬೀಳದೆ ಬೇರೆ ಆದ್ರು, ಆಸ್ತಿ ಎರಡಕ್ಕೆ ಒಂದು ಅಂತ ಜನಸಂಖ್ಯೆ ಮೇಲೆ ಪಾಲು ಮಾಡ್ಕೊಂಡ್ರು. ಚೆನ್ನಾಗಿರೋ ಅಣ್ಣತಮ್ಮ ಮನೆ ಪಾಲು ಮಾಡ್ಕೊಂಡ ಹಾಗೆ.

ಎಣ್ಣೆಗಾಣ:
ಆ ಜೆಕ್ ಕಥೇಲಿ ದುಡ್ಡಿಂದು ಬಿಟ್ರಿ. ನೋಟು ಆರು ತಿಂಗಳಾದ್ರೂ ಇಬ್ಬರದ್ದೂ ಒಂದೇ ಇರ್ಲಿ ಅಂತ ಮಾತಾಗಿತ್ತು. ಫೆಬ್ರವರಿ 8ಕ್ಕೇ ಒಡೀತು. ಹೊಸ ನೋಟು ಪ್ರಿಂಟ್ ಆಗಿರ್ಲಿಲ್ಲ, ಹಳೇ ನೋಟಿನ ಮೇಲೇ ಅಂಚೆಚೀಟಿ ಥರ ಒಂದು ಸ್ಟಾಂಪ್ ಅಂಟಿಸಿ ಇದು ನಮ್ಮದು ಅದು ನಿಮ್ಮದು ಅಂತ ನಡೆಸಿದ್ರು. ಯಾಕಂದ್ರೆ ಸ್ಲೋವಾಕ್ ಕಡೆ ದುಡ್ಡಿಗೆ ಬೆಲೆ ಬೀಳತ್ತೆ ಅಂತ ಹೆದರಿ ಜನ ಜೆಕ್ ಬ್ಯಾಂಕಿಗೆ ಸಾಗಿಸ್ತಿದ್ರು. ಇಲ್ಲೂ 2014ರ ಫೆಬ್ರವರಿಯಲ್ಲಿ ಆಗಿನ ಯೂಕೆ ಹಣಕಾಸು ಮಂತ್ರಿ ಆಸ್ಬೋರ್ನ್ ಬಂದು ಪೌಂಡ್ ಹಂಚ್ಕೊಳ್ಳಲ್ಲ ಅಂದಿದ್ದೇ ತಡ ಯೆಸ್ ಕಡೆಯೋರಿಗೆ ಉತ್ತರ ಇರ್ಲಿಲ್ಲ. ಇವತ್ತಿಗೂ ಇಲ್ಲ, ಸ್ವಲ್ಪ ದಿನ ಪೌಂಡೇ ಬಳಸ್ತೀವಿ ಆಮೇಲೆ ನಮ್ಮದು ತರ್ತೀವಿ ಅಂತಾರೆ. ಆ "ಸ್ವಲ್ಪ ದಿನ"ದಲ್ಲಿ ನನ್ನ ಮನೆ ಸಾಲ ಯಾವ ದುಡ್ಡಲ್ಲಿರತ್ತೆ, ಸಂಬಳ ಯಾವುದ್ರಲ್ಲಿ ಬರತ್ತೆ?

ಟ್ವೀಡ್‌ತೀರ:
ದುಡ್ಡಿನ ಮಾತಿಗೆ ಒಂದು ಸಣ್ಣ ವಿಷಯ. ಸ್ಕಾಟ್ಲೆಂಡಿನ ಕ್ಲೈಡ್ಸ್‌ಡೇಲ್ ಬ್ಯಾಂಕ್ ಹೊರಡಿಸೋ ಪೌಂಡ್ ನೋಟು ಇಂಗ್ಲೆಂಡಲ್ಲಿ ಸ್ವಲ್ಪ ದಕ್ಷಿಣಕ್ಕೆ ಹೋಗಿ ಕೊಟ್ಟು ನೋಡಿ, ಕೌಂಟರಲ್ಲಿರೋ ಹುಡುಗ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಮ್ಯಾನೇಜರ್‌ನ ಕರೀತಾನೆ. ಒಂದೇ ದೇಶ, ಒಂದೇ ಪೌಂಡು, ಅದಕ್ಕೇ ಹೀಗೆ 🤦‍♀️

ಕ್ಲೈಡ್‌ಕಡೆಯವ:
ಅದು ನಮ್ಮ ಕಡೆ ವಾದ ಆಯ್ತಲ್ಲ ಅಕ್ಕ 😄

ಲೀತ್‌ನಿವಾಸಿ:
ಸರಿ, ನನಗೆ ಅನ್ಸಿದ್ದು ಕೇಳಿ. ಇಯು ಜೊತೆ ನಾವಿದ್ದಿದ್ದು 47 ವರ್ಷ, ಅದನ್ನ ಬಿಡಿಸ್ಕೊಳ್ಳೋಕೆ ವೋಟಿಂದ ಹಿಡಿದು 2020ರ ಕೊನೆಗೆ ವ್ಯಾಪಾರ ಒಪ್ಪಂದ ಆಗೋವರೆಗೆ ನಾಲ್ಕೂವರೆ ವರ್ಷ, ಮೂರು ಪ್ರಧಾನಿಗಳು. ಇದು 1707ರಿಂದ ಹೆಣೆದಿದ್ದು, ಪೆನ್ಷನ್ನು, ಸಾಲ, ಸೈನ್ಯ, ಫ಼ಾಸ್ಲೇನ್‌ನಲ್ಲಿರೋ ಅಣ್ವಸ್ತ್ರದ ಸಬ್‌ಮರೀನು, ಎಲ್ಲಾ ಬಿಡಿಸ್ಬೇಕು. ಆಗಲ್ಲ ಅಂತಲ್ಲ. ಆದ್ರೆ ಬರೀ ಅರ್ಧಕ್ಕಿಂತ ಒಂದು ವೋಟ್ ಜಾಸ್ತಿ ಬಂದ್ರೆ ಸಾಕಾ? 2006ರಲ್ಲಿ ಮಾಂಟೆನೆಗ್ರೋಗೆ ಇಯು 55 ಪರ್ಸೆಂಟ್ ಗೆರೆ ಹಾಕಿತ್ತು, 55.5 ಬಂತು, ಯಾರೂ ಗಲಾಟೆ ಮಾಡ್ದೆ ಬೇರೆ ಆದ್ರು.

ಡಂಡೀ ದೇಸಾಯ್ರು:
ಗೆರಿ ಅಂತ ಇಲ್ಲಿ ವಯಸ್ಸಾದವರ ಮುಂದ ಅನಬ್ಯಾಡ್ರಿ, ಹೊಡೀತಾರ. 1979ರಾಗ ಸ್ಕಾಟ್ಲೆಂಡಿಗೆ ಅಸೆಂಬ್ಲಿ ಬೇಕೇನು ಅಂತ ಕೇಳಿದ್ರು, ವೋಟ್ ಹಾಕಿದವರಾಗ 51.6 ಪರ್ಸೆಂಟ್ ಬೇಕು ಅಂದ್ರು. ಆದ್ರ ಒಟ್ಟು ಮತದಾರರಾಗ 40 ಪರ್ಸೆಂಟ್ ಬೇಕು ಅಂತ ಲಂಡನ್ನಿನ್ಯಾಗ ಒಂದು ಗೆರಿ ಎಳದಿದ್ರು, ಅಷ್ಟು ಬರಲಿಲ್ಲ, ಕತಿ ಮುಗೀತು. ಮನ್ಯಾಗ ಮಲಗಿದವರ ವೋಟು, ಪಟ್ಟಿಯೊಳಗ ಹೆಸರಿದ್ದ ಸತ್ತವರ ವೋಟು ಎಲ್ಲಾ ಬ್ಯಾಡ ಅನ್ನೋ ಲೆಕ್ಕಕ್ಕ ಹೋತು. ಮತ್ತ ಪಾರ್ಲಿಮೆಂಟ್ ಬರಾಕ 1999 ಆತು. ಇಪ್ಪತ್ತು ವರ್ಷ!

ಎಣ್ಣೆಗಾಣ:
ಹಾಗಾದ್ರೆ ಗೆರೆ ಬೇಡ. ಎರಡು ಸಲ ಕೇಳಿ. ಮೊದಲು ಬಿಡೋಣ್ವಾ ಬೇಡ್ವಾ ಅಂತ. ಯೆಸ್ ಬಂದ್ರೆ ಲಂಡನ್ ಜೊತೆ ಕೂತು ದುಡ್ಡು, ಗಡಿ, ಸಾಲ, ಪೆನ್ಷನ್ ಎಲ್ಲಾ ಬರೆದು ತನ್ನಿ. ಆಮೇಲೆ ಆ ಪೇಪರ್ ಇಟ್ಟು ಇದಕ್ಕೆ ಒಪ್ತೀರಾ ಅಂತ ಮತ್ತೆ ವೋಟು.

ಕ್ಲೈಡ್‌ಕಡೆಯವ:
ಸ್ವಾಮಿ, ಇದನ್ನೇ ಅಲ್ವಾ 2018-19ರಲ್ಲಿ ಬ್ರೆಕ್ಸಿಟ್‌ಗೆ ಲಂಡನ್ ಬೀದೀಲಿ ಲಕ್ಷಾಂತರ ಜನ ಕೇಳಿದ್ದು, ಒಪ್ಪಂದದ ಮೇಲೆ ಇನ್ನೊಂದು ವೋಟ್ ಕೊಡಿ ಅಂತ? ಆಗ ನಿಮ್ಮ ಲೀವ್ ಕಡೆಯೋರು ಜನದ್ರೋಹ ಅಂದಿದ್ರು.

ಎಣ್ಣೆಗಾಣ:
ಆಗ ಬೇಡ ಅಂದೆ, ಈಗ ಬೇಕು ಅಂತೀನಿ, ಏನಿವಾಗ 😁 ಮಾತು ತಿರುಗಿಸ್ಬೇಡಿ, ಎರಡು ಸಲ ವೋಟ್ ಬೇಕಾ ಬೇಡ್ವಾ ಅದು ಹೇಳಿ.

ಟ್ವೀಡ್‌ತೀರ:
ಎರಡನೇ ಸಲ ಆದ್ರೂ ನಮ್ಮನ್ನ ಒಂದು ಮಾತು ಕೇಳ್ತೀರಾ?

ಕ್ಲೈಡ್‌ಕಡೆಯವ:
ಅಕ್ಕ, ಬೆರಿಕ್ ಒಂದು ಕಾಲದಲ್ಲಿ ಸ್ಕಾಟ್ಲೆಂಡಿಂದೇ ಆಗಿತ್ತು, ವಾಪಸ್ ಬಂದ್ಬಿಡಿ, ವೋಟೂ ಸಿಗತ್ತೆ, ಇಲ್ಲಿ ಡಾಕ್ಟರ್ ಬರೆದ ಮಾತ್ರೆನೂ ಫ್ರೀ. ಇನ್ನು ಎಣ್ಣೆಗಾಣ ಸಾಹೇಬ್ರಿಗೆ ಉತ್ತರ: ಬೇಕು. ಎರಡನೇದು ಇದೆ ಅಂತ ಗೊತ್ತಿದ್ರೆ ಲೀತ್ ಥರ ಅನುಮಾನದೋರು ಮೊದಲನೇದಕ್ಕೆ ಧೈರ್ಯವಾಗಿ ಯೆಸ್ ಹಾಕ್ತಾರೆ, ನನಗೆ ಲಾಭವೇ. ಸೆಕ್ಷನ್ 30 ಆರ್ಡರ್ ಮಾತ್ರ ನೀವೇ ಲಂಡನ್ನಿಂದ ತಂದ್ಕೊಡ್ಬೇಕು.