ಸಹಾಯ ಬೇಕು: ಬಿ.ಎಡ್. ಇಂಟರ್ನ್‌ಶಿಪ್ ಮತ್ತು ನಾಲ್ಕು ತಿಂಗಳ ಮಗು
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಬಿ.ಎಡ್. ಎರಡನೆಯ ವರ್ಷದ ವಿದ್ಯಾರ್ಥಿನಿ. ಮಗಳಿಗೆ ಈಗ ನಾಲ್ಕು ತಿಂಗಳು. ಬಾಣಂತನ ಮುಗಿಸಿ ತವರಿನಿಂದ ಬಂದ ಮೇಲೆ ಅತ್ತೆಯವರೇ ಅವಳನ್ನು ನೋಡಿಕೊಳ್ಳುತ್ತಿದ್ದಾರೆ. ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸುವುದನ್ನೂ ರೂಢಿಸಿಕೊಂಡಿದ್ದಾರೆ (ಅರ್ಧ ಮಗುವಿನ ಬಾಯಿಗೆ, ಅರ್ಧ ಅವರ ಸೀರೆಗೆ). ಆದರೆ ಮಂಡಿನೋವು ಹೆಚ್ಚಾಗಿ, ಇಡೀ ದಿನ ಮಗುವನ್ನು ಎತ್ತಿಕೊಂಡಿರುವುದು ಅವರಿಂದ ಸಾಧ್ಯವಾಗುತ್ತಿಲ್ಲ.

ತರಗತಿಗಳಿಗೆ ಶೇಕಡ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇಕಡ 90 ಹಾಜರಾತಿ ಕಡ್ಡಾಯವಾಗಿರುವುದರಿಂದ, ಮುಂದಿನ ತಿಂಗಳಿನಿಂದ ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ನಾನು ಮನೆ ಸೇರುವುದು ಸಂಜೆ ಐದಕ್ಕೆ. ಪದವಿ ಹಾಗೂ ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೆ ಹೆರಿಗೆಯ ಕಾರಣಕ್ಕೆ ಹಾಜರಾತಿಯಲ್ಲಿ ವಿನಾಯಿತಿ ನೀಡಲು ಸೂಕ್ತ ನಿಯಮ ರೂಪಿಸುವಂತೆ ಯುಜಿಸಿ 2021ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಬರೆದಿದ್ದ ಪತ್ರದ ಪ್ರತಿಯನ್ನು ಕಾಲೇಜಿನ ಕಚೇರಿಗೆ ಕೊಟ್ಟಿದ್ದೆ; ಗುಮಾಸ್ತರು ಅದನ್ನು ಓದಿ, ಮಡಿಸಿ, ನನಗೇ ಹಿಂತಿರುಗಿಸಿದರು.

ಬಿ.ಎಡ್. ಓದುವಾಗ ಇಂತಹ ವಿನಾಯಿತಿ ಪಡೆದವರಿದ್ದರೆ, ಅರ್ಜಿಯನ್ನು ಪ್ರಾಂಶುಪಾಲರಿಗೆ ಬರೆದಿರೋ ಕುಲಸಚಿವರಿಗೋ, ಜೊತೆಗೆ ಯಾವ ದಾಖಲೆ ಇಟ್ಟಿರಿ ಎಂದು ದಯವಿಟ್ಟು ತಿಳಿಸಿ. ಸಪ್ತಾಪುರದ ಆಸುಪಾಸಿನಲ್ಲಿ ಆರು ತಿಂಗಳೊಳಗಿನ ಕೂಸನ್ನು ಸೇರಿಸಿಕೊಳ್ಳುವ ಶಿಶುಪಾಲನಾ ಕೇಂದ್ರವಾಗಲಿ, ಅತ್ತೆಯವರ ಕಣ್ಣೆದುರೇ ಮಗುವನ್ನು ನೋಡಿಕೊಳ್ಳಲು ಮನೆಗೆ ಬರುವ ನಂಬಿಕಸ್ಥ ಹೆಂಗಸರಾಗಲಿ ಇದ್ದರೆ, ಸಂಬಳದ ಅಂದಾಜಿನೊಂದಿಗೆ ಹೇಳಿದರೆ ಉಪಕಾರವಾಗುತ್ತದೆ. ಓದು ಒಂದು ವರ್ಷ ಮುಂದೂಡು ಎಂಬ ಸಲಹೆ ಮನೆಯಲ್ಲಿ ಈಗಾಗಲೇ ಸಾಕಷ್ಟು ಬಂದಿದೆ.