ಪದಚರ್ಚೆ: ಔಷಧವೂ ಪ್ರತಿಕಾಯ, ಅದನ್ನು ತಡೆಯುವುದೂ ಪ್ರತಿಕಾಯ. ರೋಗಿಗೆ ಹೇಗೆ ಹೇಳುವುದು?

ಎಲ್ಲರಿಗೂ ನಮಸ್ಕಾರ.

ಒಂದು ಲ್ಯಾಬ್‌ಗೆ ಎರಡು ಪುಟದ ಮಾಹಿತಿ ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು, ಅರ್ಜೆಂಟು.

ವಿಷಯ ಇಷ್ಟು. ಕ್ರೋನ್ಸ್ ಥರದ ಕರುಳಿನ ಉರಿಯೂತ ಇರುವವರಿಗೆ ಇನ್‌ಫ್ಲಿಕ್ಸಿಮ್ಯಾಬ್ ಡ್ರಿಪ್ ಹಾಕುತ್ತಾರೆ. ಶುರುವಿಗೆ 0, 2, 6ನೇ ವಾರ, ಆಮೇಲೆ 8 ವಾರಕ್ಕೊಮ್ಮೆ. ಮುಂದಿನ ಡ್ರಿಪ್‌ಗೆ ಸ್ವಲ್ಪ ಮುಂಚೆ ರಕ್ತ ತೆಗೆದು, ಔಷಧ ಇನ್ನೂ ಎಷ್ಟಿದೆ ಅಂತ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಯುತ್ತಾರೆ. ರೋಗ ಮತ್ತೆ ಕೆರಳಿದವರಲ್ಲಿ ಒಂದು ಮಿಲಿಲೀಟರ್ ಸೀರಂಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಕನಿಷ್ಠ 5 ಮೈಕ್ರೋಗ್ರಾಂ ಇರಲಿ ಎಂದು ಅಮೆರಿಕದ ಹೊಟ್ಟೆ-ಕರುಳಿನ ವೈದ್ಯರ ಸಂಘದ 2017ರ ಮಾರ್ಗಸೂಚಿ ಹೇಳುತ್ತದೆ.

ನನಗೆ ತೊಡಕಾಗಿರುವುದು ಮೂರು ಕಡೆ. ದೊಡ್ಡದು ಮೊದಲನೆಯದು. ಈ ಔಷಧವೇ ಒಂದು ಪ್ರತಿಕಾಯ (ಆಂಟಿಬಾಡಿ). ಕೆಲವರ ದೇಹ ಈ ಔಷಧದ ವಿರುದ್ಧ ತಾನೂ ಪ್ರತಿಕಾಯ ತಯಾರಿಸುತ್ತದೆ, ಆಗ ಔಷಧ ಸರಿಯಾಗಿ ಕೆಲಸ ಮಾಡದೇ ಹೋಗಬಹುದು. ಹಾಳೆಯಲ್ಲಿ ಎರಡಕ್ಕೂ ಒಂದೇ ಪದ. ಕೋವಿಡ್ ಬಂದ ಮೇಲೆ "ಪ್ರತಿಕಾಯ ಇದೆ" ಅಂದರೆ ಜನ ಖುಷಿಪಡುತ್ತಾರೆ. ಇಲ್ಲಿ ಒಂದು ಸಾಲಲ್ಲಿ ಅದು ಒಳ್ಳೆಯ ಸುದ್ದಿ, ಮುಂದಿನ ಸಾಲಲ್ಲೇ ಕೆಟ್ಟ ಸುದ್ದಿ.

ಎರಡನೆಯದು, "ಔಷಧ ಪ್ರಮಾಣ" ಅಂತ ಬರೆದರೆ ಡೋಸ್ ಅಂತಲೇ ಓದುತ್ತಾರೆ. ಮೂರನೆಯದು, ಬಾಗಿಲ ಮೇಲಿನ ಬೋರ್ಡಿಗೆ ಈ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದ ಕನ್ನಡ ಹೆಸರು.

ಮೈಸೂರಿನಿಂದ ಉತ್ತರ

ದ್ರವ್ಯರಾಶಿ ರೋಹಿತಮಾಪಕ. ಬಳಕೆಯಲ್ಲಿರುವ ಪದ, ಚರ್ಚೆ ಬೇಕಿಲ್ಲ. ಪ್ರಮಾಣದ ಬದಲು "ಸಾರತೆ" (ಕಾನ್ಸಂಟ್ರೇಶನ್) ಬಳಸಿ.

ಶಿರಸಿಯಿಂದ ಉತ್ತರ

ಚರ್ಚೆ ಬೇಕು ಸರ್. ರೋಹಿತ ಅಂದರೆ ಕೆಂಪು. ಅಮರಕೋಶದಲ್ಲಿ ನೆಟ್ಟಗಿರುವ ಕಾಮನಬಿಲ್ಲಿಗೆ ರೋಹಿತ ಅಂತ ಹೆಸರು. ಬೆಳಕಿನ ಬಣ್ಣ ಬಿಡಿಸುವ ಕಡೆ ಆ ಪದ ಚಂದ. ಈ ಯಂತ್ರದಲ್ಲಿ ಬಣ್ಣ ಎಲ್ಲಿದೆ? ವಿದ್ಯುದಂಶ ಹೊತ್ತ ಚೂರುಗಳನ್ನು ತೂಕಕ್ಕೆ ತಕ್ಕಂತೆ ಬೇರೆ ಮಾಡುತ್ತದೆ, ಅಷ್ಟೇ. "ಅಣುತೂಕ ಯಂತ್ರ" ಅನ್ನಿ, ಓದಿದವರಿಗೆ ತಿಳಿಯುತ್ತದೆ.

ಇನ್ನೊಂದು. ಔಷಧ ಅನ್ನುವ ಪದ ಯಾಕೆ? ಹಳಗನ್ನಡದ ಮರ್ದು, ತಮಿಳಿನ ಮರುಂದು, ತೆಲುಗಿನ ಮಂದು, ನಮ್ಮ ಮದ್ದು ಎಲ್ಲ ಒಂದೇ ಬೇರು. "ರಕ್ತದಲ್ಲಿ ಮದ್ದಿನ ಮಟ್ಟ" ಅಂತ ಬರೆಯಿರಿ. ಸ್ವಂತ ಪದ ಇರುವಾಗ ಸಾಲ ತರುವ ಚಾಳಿ ಬಿಡೋಣ.

ಮೈಸೂರಿನಿಂದ ಮತ್ತೆ

ತೂಕ ಬೇರೆ, ದ್ರವ್ಯರಾಶಿ ಬೇರೆ. ಒಂಬತ್ತನೇ ತರಗತಿಯ ಪಾಠ. ಮೇಲಾಗಿ ಅಣುವೂ ಸಂಸ್ಕೃತ, ಯಂತ್ರವೂ ಸಂಸ್ಕೃತ.

ಮಂಡ್ಯದಿಂದ ಉತ್ತರ

ದಯವಿಟ್ಟು ಮದ್ದು ಬೇಡ. ನಮ್ಮ ಕಡೆ "ಮದ್ದು ಹಾಕಿದ್ದಾರೆ" ಅಂದರೆ ಊಟದಲ್ಲಿ ಯಾರೋ ಏನೋ ಬೆರೆಸಿದ್ದಾರೆ ಅಂತ. ಹೊಟ್ಟೆನೋವು ಬಂದರೆ ಈಗಲೂ ಮದ್ದು ತೆಗೆಸುವವರ ಹತ್ತಿರ ಹೋಗುತ್ತಾರೆ. ಕರುಳಿನ ಕಾಯಿಲೆಯವರ ಕೈಗೆ "ನಿಮ್ಮ ರಕ್ತದಲ್ಲಿ ಮದ್ದಿನ ಮಟ್ಟ" ಅಂತ ಅಚ್ಚು ಹಾಕಿಸಿ ಕೊಟ್ಟರೆ ಮನೆಯಲ್ಲಿ ಜಗಳವೇ ಆಗುತ್ತದೆ.

ಶಿರಸಿಯಿಂದ ಮತ್ತೆ

ಕರಾವಳಿ, ಮಲೆನಾಡಿನಲ್ಲಿ ಜ್ವರಕ್ಕೂ ಮದ್ದು, ಗಿಡಕ್ಕೂ ಮದ್ದು. ಕನ್ನಡ ಅಂದರೆ ಬರೀ ಹಳೇ ಮೈಸೂರು ಅಲ್ಲ. ಪ್ರತಿ ಸಲ ನಮ್ಮ ಮಾತೇ ಯಾಕೆ ಹಿಂದೆ ಸರಿಯಬೇಕು?

ಲ್ಯಾಬ್ ಕೆಲಸದವರಿಂದ ಉತ್ತರ

ನಾನು ಇದೇ ಪರೀಕ್ಷೆ ಮಾಡುವವಳು. ಯಂತ್ರದ ಹೆಸರಿಗಿಂತ ಅದು ಅಳೆಯುವುದೇನು ಅಂತ ನೋಡಿ, ಪದ ತಾನಾಗೇ ಸಿಗುತ್ತದೆ.

ನಮ್ಮ ವಿಧಾನದಲ್ಲಿ ಇಡೀ ಔಷಧವನ್ನು ಯಂತ್ರಕ್ಕೆ ಕೊಡುವುದಿಲ್ಲ. ಸೀರಂಗೆ ಟ್ರಿಪ್ಸಿನ್ ಅನ್ನುವ ಕಿಣ್ವ ಹಾಕುತ್ತೇವೆ. ಲೈಸಿನ್, ಆರ್ಜಿನಿನ್ ಅನ್ನುವ ಅಮೈನೋ ಆಮ್ಲಗಳು ಇರುವ ಕಡೆ ಅದು ಪ್ರೊಟೀನನ್ನು ತುಂಡು ಮಾಡುತ್ತದೆ. ಆ ತುಂಡುಗಳಲ್ಲಿ ಈ ಔಷಧದಲ್ಲಿ ಮಾತ್ರ ಇರುವ ಒಂದನ್ನು ಹುಡುಕುತ್ತೇವೆ. ಜೊತೆಗೆ ಅದೇ ತುಂಡಿನ, ಭಾರದ ಐಸೋಟೋಪ್ (ಅದೇ ಧಾತುವಿನ ಹೆಚ್ಚು ಭಾರದ ಪರಮಾಣು) ಇರುವ ನಕಲನ್ನು ಗೊತ್ತಿರುವಷ್ಟು ಸೇರಿಸಿ, ಎರಡನ್ನೂ ಹೋಲಿಸಿ ಲೆಕ್ಕ ಹಾಕುತ್ತೇವೆ. ಇನ್‌ಫ್ಲಿಕ್ಸಿಮ್ಯಾಬ್‌ನ ಹಿಡಿಯುವ ತುದಿ ಇಲಿಯದು, ಉಳಿದದ್ದು ಮನುಷ್ಯರದು. ಹಾಗಾಗಿ ಗುರುತಿನ ತುಂಡು ಸಿಗುವುದು ಆ ತುದಿಯಲ್ಲೇ. ಹುಡುಕಾಟ ಸುಲಭ ಅಲ್ಲ. ಒಂದು ಮಿಲಿಲೀಟರ್ ಸೀರಂನಲ್ಲಿ ನಮ್ಮ ದೇಹದ್ದೇ ಐಜಿಜಿ ಅನ್ನುವ ಬಗೆಯ ಪ್ರತಿಕಾಯ 10 ಮಿಲಿಗ್ರಾಂ ಆಸುಪಾಸು ಇರುತ್ತದೆ. ಔಷಧ 5 ಮೈಕ್ರೋಗ್ರಾಂ ಅಂದರೆ ಎರಡು ಸಾವಿರದಲ್ಲಿ ಒಂದು ಪಾಲು.

ಇಲ್ಲೊಂದು ಎಚ್ಚರಿಕೆ. ಹೀಗೆ ತುಂಡು ಮಾಡಿದಾಗ, ದೇಹದ ಪ್ರತಿಕಾಯ ಹಿಡಿದುಕೊಂಡಿರುವ ಔಷಧವೂ ಲೆಕ್ಕಕ್ಕೆ ಬರುತ್ತದೆ. ಎಲೈಸಾ ಅನ್ನುವ ಇನ್ನೊಂದು ಬಗೆಯ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬಿಡಿಯಾಗಿ ಇರುವುದು ಮಾತ್ರ. ಆದ್ದರಿಂದ "ಕೆಲಸ ಮಾಡುತ್ತಿರುವ ಔಷಧ" ಅಂತ ಖಂಡಿತ ಬರೆಯಬೇಡಿ. "ರಕ್ತದಲ್ಲಿರುವ ಒಟ್ಟು ಔಷಧ" ಸರಿ. ಸಾರತೆ ನಮ್ಮ ವರದಿಗೆ ಸರಿ, ರೋಗಿಯ ಹಾಳೆಗೆ ಬೇಡ.

ಪ್ರತಿಕಾಯದ ಗೊಂದಲಕ್ಕೆ, ಇಂಥ ಔಷಧಗಳ ಹೆಸರಿನ ಕೊನೆಗೆ ಬರುವ "ಮ್ಯಾಬ್" ಹಿಡಿದು "ಮ್ಯಾಬ್ ಔಷಧ" ಅನ್ನಬಹುದು ಅಂತ ನಮ್ಮಲ್ಲಿ ಒಬ್ಬರು ಹೇಳಿದರು. ಆದರೆ 2021ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೊಸ ಔಷಧಗಳಿಗೆ ಆ ಬಾಲ ಅಂಟಿಸುವುದನ್ನು ನಿಲ್ಲಿಸಿದೆ. ಟಗ್, ಬಾರ್ಟ್, ಮಿಗ್, ಮೆಂಟ್ ಅಂತ ನಾಲ್ಕು ಬಾಲ ಬಂದಿವೆ. ಹಾಳೆ ನಾಲ್ಕು ವರ್ಷ ಬಾಳಬೇಕಾದರೆ ಔಷಧವನ್ನು ಅದರ ಹೆಸರಿನಿಂದಲೇ ಕರೆಯಿರಿ. "ಪ್ರತಿಕಾಯ" ಪದವನ್ನು ದೇಹ ತಯಾರಿಸುವುದಕ್ಕೆ ಮಾತ್ರ ಇಟ್ಟುಕೊಳ್ಳಿ.

ಶಿರಸಿಯಿಂದ ಮತ್ತೆ

ಅಂದರೆ ಇಂಗ್ಲಿಷ್ ಹೆಸರಿಗೇ ಶರಣು. ಇದನ್ನು ನಾನು ಒಪ್ಪುವುದಿಲ್ಲ.

ಲ್ಯಾಬ್ ಕೆಲಸದವರಿಂದ ಮತ್ತೆ

ಅದು ಇಂಗ್ಲಿಷ್ ಪದವೂ ಅಲ್ಲ ಸರ್, ಎಲ್ಲ ದೇಶಕ್ಕೂ ಒಂದೇ ಇರಲಿ ಅಂತ ಕಟ್ಟಿದ ಹೆಸರು. ರೋಗಿ ಡ್ರಿಪ್ ಬಾಟಲಿಯ ಮೇಲೆ ಓದುವುದೂ ಅದನ್ನೇ. ಹಾಳೆಯಲ್ಲಿ ಬೇರೆ ಪದ ಇದ್ದರೆ ಎರಡೂ ಒಂದೇ ಅಂತ ಅವರಿಗೆ ಹೇಳುವವರು ಯಾರು?

ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಹಾಳೆಗೆ ಹೀಗೆ ಬರೆದಿದ್ದೇನೆ: "ಮುಂದಿನ ಡ್ರಿಪ್‌ಗೆ ಮುಂಚೆ ನಿಮ್ಮ ರಕ್ತದಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಒಟ್ಟು ಎಷ್ಟಿದೆ ಎಂದು ಈ ಪರೀಕ್ಷೆಯಲ್ಲಿ ನೋಡುತ್ತೇವೆ. ಕೆಲವೊಮ್ಮೆ ದೇಹವು ಈ ಔಷಧವನ್ನು ಹೊರಗಿನದು ಎಂದುಕೊಂಡು, ಅದನ್ನು ತಡೆಯುವ ಪ್ರತಿಕಾಯ ತಯಾರಿಸುತ್ತದೆ. ಅದಕ್ಕೆ ಬೇರೆ ಪರೀಕ್ಷೆ ಇದೆ."

ಪ್ರಮಾಣ ಅನ್ನುವ ಪದವನ್ನು ಡೋಸ್‌ಗೂ ಬಳಸಿಲ್ಲ, ಡೋಸ್ ಅಂತಲೇ ಬಿಟ್ಟಿದ್ದೇನೆ. ಬೋರ್ಡಿಗೆ "ಮಾಸ್ ಸ್ಪೆಕ್ಟ್ರೋಮೀಟರ್ ಕೊಠಡಿ" ಅಂತ ಹಾಕಿಸುತ್ತಿದ್ದೇನೆ, ಬಾಗಿಲು ಹುಡುಕುವವರಿಗೆ ಅದೇ ಅನುಕೂಲ. ಅಣುತೂಕ, ರೋಹಿತದ ಚರ್ಚೆಗೆ ಬೇರೆ ಎಳೆ ತೆರೆಯಿರಿ, ನಾಡಿದ್ದು ನಾನೂ ಬರುತ್ತೇನೆ.