ಸಹಾಯ ಬೇಕು: ಗಂಡ-ಹೆಂಡತಿ ಸೇರಿ ಮಲ್ಲಿಗೆ ಬೆಳೆಸುವವರು ಇದ್ದೀರಾ?

ನಮಸ್ಕಾರ. ನಾವು ಉಡುಪಿಯ ಶಂಕರಪುರ ಕಡೆಯ ಕ್ಯಾಥೊಲಿಕ್ ದಂಪತಿ. ನಮ್ಮವರು ಗಲ್ಫ್ ಬಿಟ್ಟು ಊರಿಗೆ ಬಂದಿದ್ದಾರೆ. ಇನ್ನು ಏನು ಮಾಡಿದರೂ ಇಬ್ಬರೂ ಸೇರಿಯೇ ಅಂತ ರಾತ್ರಿ ಜಪಮಾಲೆ ಮುಗಿಸಿ ಮಾತಾಡಿಕೊಂಡೆವು. ಅವರಿಗೆ ಹೋಮ್‌ಸ್ಟೇ ಆಸೆ, ನನಗೆ ಮಲ್ಲಿಗೆ. ಸದ್ಯ ಮಲ್ಲಿಗೆ ಗೆದ್ದಿದೆ (ಬಂಡವಾಳ ಕಮ್ಮಿ, ಅಷ್ಟೇ!).

ಆದರೆ ಕಟ್ಟಿದ ಹೂವಿನ ಒಂದು ಚೆಂಡಿಗೆ 800 ಮೊಗ್ಗು, ಅಂಥ 4 ಚೆಂಡಿಗೆ ಒಂದು ಅಟ್ಟೆ (ಹೂ ಮಾರುವ ಲೆಕ್ಕ). ಬೆಳಗ್ಗೆ ಕೊಯ್ದು ಕಟ್ಟಿ ಮುಗಿಸಬೇಕು, ಭಾನುವಾರ ಪೂಜೆಯೂ ತಪ್ಪಬಾರದು. ಇವರು ಪಕ್ಕದ ಮನೆಯ ಹೂವಿನಲ್ಲಿ ಕಟ್ಟಲು ಕಲಿಯುತ್ತಿದ್ದಾರೆ. ಬಾಳೆನಾರು ಎಳೆದರೆ ತುಂಡಾಗುತ್ತದೆ, ಬಿಟ್ಟರೆ ಗಂಟು ಸಡಿಲ!

ಇಬ್ಬರೇ ಮಾಡುವವರು ಕೆಲಸ ಹೇಗೆ ಹಂಚಿಕೊಳ್ಳುತ್ತೀರಿ? ಎಷ್ಟು ಗಿಡದಿಂದ ಶುರು ಮಾಡಲಿ? ದುಡ್ಡು ಜಂಟಿ ಖಾತೆಗಾ, ಬೇರೆ ಬೇರೆಯಾ? ಮಳೆಗಾಲದಲ್ಲಿ ಬುಡ ಕೊಳೆಯದ ಹಾಗೆ ನೋಡಿಕೊಳ್ಳುವುದನ್ನೂ ಹೇಳಿ.